ಮಾವನವರು ಫಿಲ್ಟರ್ ಬದಲಿಸಿದ ಭಾನುವಾರ

ನಮ್ಮ ಮಾವನವರು ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತಮೂರು ವರ್ಷ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ಪೊಲೀಸ್ ಇನ್‌ಸ್ಪೆಕ್ಟರಲ್ಲ. ಬೇರೆಯವರು ಮಾಡಿದ ಕೆಲಸ ಸರಿಯಾಗಿದೆಯೋ ಇಲ್ಲವೋ ಎಂದು ನೋಡಿ, ಸರಿಯಿದ್ದರೆ ಸಹಿ ಹಾಕುವ ಇನ್‌ಸ್ಪೆಕ್ಟರು. ನಿವೃತ್ತಿಯಾದ ಮೇಲೂ ಅವರಿಗೆ ಆ ಅಭ್ಯಾಸ ಬಿಟ್ಟುಹೋಗಿರಲಿಲ್ಲ. ನಾನು ಗದಗದಿಂದ ಸೊಸೆಯಾಗಿ ಜೀವನ್ ಬಿಮಾ ನಗರದ ಆ ಮನೆಗೆ ಬಂದ ಮೂರನೇ ದಿನ, ಅಡುಗೆಮನೆಗೆ ಬಂದವರೇ ನನ್ನ ಕೈಯಲ್ಲಿದ್ದ ಕುಕ್ಕರಿನ ಮುಚ್ಚಳ ಇಸಿದುಕೊಂಡು, ಕನ್ನಡಕ ಹಣೆಗೇರಿಸಿ, ಗ್ಯಾಸ್ಕೆಟ್ಟಿನ ಸುತ್ತ ಒಂದು ಸಲ ಬೆರಳಾಡಿಸಿ, "ಪಾಸ್" ಎಂದು ಹೇಳಿ ಹೊರಟುಹೋದರು. ನಗಬೇಕೋ ನಮಸ್ಕಾರ ಮಾಡಬೇಕೋ ನನಗೆ ತಿಳಿಯಲಿಲ್ಲ.

ಅತ್ತೆಯವರದು ಗಿಡದ ವ್ಯಾಪಾರ. ಮನೆಯ ಪಕ್ಕದಲ್ಲಿ ಒಂದು ಖಾಲಿ ಸೈಟಿತ್ತು. ಅದರ ಯಜಮಾನರು ಪರ ಊರಿನಲ್ಲಿದ್ದರು. ಪಾರ್ಥೇನಿಯಂ ಬೆಳೆದು ಹಾವು ಸೇರಿಕೊಳ್ಳುವುದಕ್ಕಿಂತ ನೀವೇ ಏನಾದರೂ ಬೆಳೆಸಿಕೊಳ್ಳಿ ಎಂದು ಒಪ್ಪಿಗೆ ಕೊಟ್ಟಿದ್ದರು. ಅತ್ತೆ ಹೊತ್ತು ಹೋಗಲಿ ಎಂದು ನಾಲ್ಕು ದಾಸವಾಳ ನೆಟ್ಟರು. ನಾನು ಬರುವ ಹೊತ್ತಿಗೆ ಅಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಕುಂಡಗಳಿದ್ದವು. ಕೆ.ಆರ್. ಪುರದ ಆಚೆ ಹೊಸ ಹೊಸ ಆಫೀಸುಗಳು ಏಳುತ್ತಿದ್ದ ಕಾಲ ಅದು. ಪ್ರತಿ ಆಫೀಸಿನ ಬಾಗಿಲಲ್ಲೂ ಎರಡು ಪಾಮ್ ಗಿಡ ನಿಲ್ಲಲೇಬೇಕಿತ್ತು. ಮದುವೆ, ಆರತಕ್ಷತೆಗಳಿಗೂ ಗಿಡಗಳನ್ನು ಬಾಡಿಗೆಗೆ ಕೊಡುತ್ತಿದ್ದೆವು. ಒಂದು ದಿನದ ಮಟ್ಟಿಗೆ ಹೋಗಿ, ಊಟದ ಎಲೆಗಳ ನಡುವೆ ನಿಂತು, ಕುಂಡದಲ್ಲಿ ಒಂದಿಷ್ಟು ಪಾಯಸ ಸುರಿಸಿಕೊಂಡು ವಾಪಸು ಬರುವ ಗಿಡಗಳು.

ಇವನ್ನೆಲ್ಲ ಸಾಗಿಸಲು ಒಂದು ಹಳೆಯ ಸಣ್ಣ ಟ್ರಕ್ ಕೊಂಡಿದ್ದೆವು. ಹಿಂದಿನ ಯಜಮಾನ ಅದರಲ್ಲಿ ಕೋಳಿ ಸಾಗಿಸುತ್ತಿದ್ದನಂತೆ. ಅವನು ಆ ಮಾತು ನಮಗೆ ಹೇಳಿರಲಿಲ್ಲ. ಮೊದಲ ಮಳೆ ಬಿದ್ದ ದಿನ ಟ್ರಕ್ಕೇ ಹೇಳಿತು. ಅದನ್ನು ಓಡಿಸುತ್ತಿದ್ದವರು ಹಲಸೂರಿನ ಒಬ್ಬ ಡ್ರೈವರ್. ಐವತ್ತು ದಾಟಿದ್ದವರು, ಮನೆಮಾತು ತಮಿಳು, ಮಾತೇ ಕಡಿಮೆ. ಏನಾದರೂ ಹೇಳುವ ಮೊದಲು ಕುತ್ತಿಗೆಗೆ ಸುತ್ತಿದ ಟವೆಲ್ ತೆಗೆದು ಮುಖ ಒರೆಸಿಕೊಳ್ಳುತ್ತಿದ್ದರು. ಆ ಒರೆಸುವಿಕೆ ಉದ್ದವಾದಷ್ಟೂ ಸುದ್ದಿ ಕೆಟ್ಟದ್ದು ಎಂದು ನಾನು ಕಲಿತುಕೊಂಡಿದ್ದೆ. ಆರ್ಡರುಗಳನ್ನು ಬರೆದುಕೊಳ್ಳುವುದು, ಗಿಡಗಳ ಜೊತೆ ಹೋಗಿ ಎಣಿಸಿ ಇಳಿಸುವುದು ನನ್ನ ಕೆಲಸವಾದ್ದರಿಂದ, ದಿನದ ಅರ್ಧ ಭಾಗ ನಾನು ಅವರ ಪಕ್ಕದ ಸೀಟಿನಲ್ಲೇ ಇರುತ್ತಿದ್ದೆ.

ಕೆ.ಆರ್. ಪುರದ ತೂಗುಸೇತುವೆ ಆಗಷ್ಟೇ ತೆರೆದಿತ್ತು. ಒಂದು ಶುಕ್ರವಾರ ಬೆಳಿಗ್ಗೆ ಇಪ್ಪತ್ತು ಪಾಮ್ ಗಿಡ ಹೇರಿಕೊಂಡು ಅದನ್ನು ಹತ್ತುತ್ತಿದ್ದಾಗ ಟ್ರಕ್ಕಿಗೆ ಬಿಕ್ಕಳಿಕೆ ಶುರುವಾಯಿತು. ಒಂದು ಗುಕ್ಕು ಮುಂದೆ, ಒಂದು ನಿಲುಗಡೆ, ಮತ್ತೆ ಒಂದು ಗುಕ್ಕು. ಹಿಂದೆ ಗಿಡಗಳು ಒಮ್ಮೆಗೇ ಮುಂದಕ್ಕೆ ಬಾಗಿ ಒಮ್ಮೆಗೇ ಹಿಂದಕ್ಕೆ ವಾಲುತ್ತಿದ್ದವು. ಸೇತುವೆಯ ನೆತ್ತಿಗೆ ಇನ್ನೇನು ಹತ್ತು ಮಾರು ಇದೆ ಎನ್ನುವಾಗ ಎಂಜಿನ್ ಪೂರ್ತಿ ಕೈಕೊಟ್ಟಿತು. ಹಿಂದಿನ ಬಸ್ಸಿನವರು ಹಾರ್ನ್ ಒತ್ತಿ ಹಿಡಿದರು. ಡ್ರೈವರ್ ಟವೆಲ್ ತೆಗೆದು ಮುಖ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

"ಡೀಸೆಲ್ ಸರಿಯಾಗಿ ಬರ್ತಾ ಇಲ್ಲ ಮೇಡಂ. ಫಿಲ್ಟರ್ ಕಟ್ಕೊಂಡಿದೆ. ಬೇರೆ ಹಾಕ್ಬೇಕು."

"ದೊಡ್ಡ ಕೆಲಸಾ ಏನ್ರಿ?"

"ಅರ್ಧ ಗಂಟೆ ಕೆಲ್ಸ. ನಾನೇ ಹಾಕ್ಬಿಡ್ತೀನಿ."

ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದಾಗ ಗಾಡಿ ಹೇಗೋ ತೆವಳಿಕೊಂಡು ಇಳಿಯಿತು. ಸಂಜೆ ಮನೆಗೆ ಬಂದು ನಾನು ಸುದ್ದಿ ಹೇಳಿದೆ. ಮಾವನವರು ಪೇಪರ್ ಮಡಿಸಿ ಕೆಳಗಿಟ್ಟರು. ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಫ್ಯುಯೆಲ್ ಫಿಲ್ಟರಾ? ನಾನು ಎಷ್ಟು ಫಿಲ್ಟರ್ ನೋಡಿದ್ದೀನಿ ಗೊತ್ತಾ ನಿಂಗೆ? ಯಾರೂ ಮುಟ್ಬಾರ್ದು. ನಾವೇ ಮಾಡೋಣ. ಪದ್ಧತಿ ಪ್ರಕಾರ."

ಡ್ರೈವರ್ ಗೇಟಿನ ಹತ್ತಿರ ನಿಂತಿದ್ದರು. "ಸಾರ್, ಅರ್ಧ ಗಂಟೆ..." ಎಂದು ಶುರು ಮಾಡಿದರು.

"ಅರ್ಧ ಗಂಟೇಲಿ ಮಾಡೋ ಕೆಲ್ಸಕ್ಕೆ ನಾನು ಯಾವತ್ತೂ ಸಹಿ ಹಾಕಿಲ್ಲ," ಎಂದರು ಮಾವ. ಡ್ರೈವರ್ ಟವೆಲನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಹೋದರು.

ಶನಿವಾರ ಮಾವನೂ ನಾನೂ ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋದೆವು. ಅಲ್ಲಿ ಒಂದು ಇಡೀ ಬೀದಿ ಗಾಡಿಗಳ ಬಿಡಿ ಭಾಗಗಳದ್ದು; ಅಂಗಡಿಗಳ ಮುಂದೆ ಸೈಲೆನ್ಸರುಗಳನ್ನು ಬಾಳೆಗೊನೆಯ ಹಾಗೆ ನೇತು ಹಾಕಿರುತ್ತಾರೆ. ಒಂದು ಅಂಗಡಿಯಲ್ಲಿ ಗಡ್ಡಕ್ಕೆ ಮೆಹಂದಿ ಹಚ್ಚಿದ್ದ ಯಜಮಾನರು ಕೂತಿದ್ದರು. ಮಾವ ಜೇಬಿನಿಂದ ನಾಲ್ಕು ಮಡಿಕೆಯ ಒಂದು ಹಾಳೆ ತೆಗೆದು ಕೌಂಟರಿನ ಮೇಲೆ ಹರಡಿದರು.

"ಸ್ಯಾಂಪಲ್ ತಂದಿಲ್ವಾ ಸಾಬ್?" ಎಂದರು ಅಂಗಡಿಯವರು.

"ಸ್ಯಾಂಪಲ್ ಗಾಡೀಲಿದೆ. ಡ್ರಾಯಿಂಗ್ ತಂದಿದ್ದೀನಿ."

ಶುಕ್ರವಾರ ಸಂಜೆ ಅವರು ಟ್ರಕ್ಕಿನ ಕೆಳಗೆ ಟಾರ್ಚ್ ಹಿಡಿದು, ಸ್ಕೇಲಿಟ್ಟು ಅಳೆದು, ಮೇಲಿನಿಂದ ಒಂದು, ಪಕ್ಕದಿಂದ ಒಂದು, ಕೆಳಗಿನಿಂದ ಒಂದು ಎಂದು ಮೂರು ಚಿತ್ರ ಬರೆದಿದ್ದರು. ಅಂಗಡಿಯವರು ಹಾಳೆಯನ್ನು ಎತ್ತಿ ಹಿಡಿದು ನೋಡಿದರು, ತಿರುಗಿಸಿ ನೋಡಿದರು, ಕಡೆಗೆ ಪಕ್ಕದ ಅಂಗಡಿಯವರನ್ನೂ ಕರೆದು ತೋರಿಸಿದರು.

"ಮಾಶಾ ಅಲ್ಲಾ, ಚಿತ್ರ ಚೆನ್ನಾಗಿದೆ ಸಾಬ್. ಆದ್ರೆ ಇದು ನೋಡಿದ್ರೆ ಬಿರಿಯಾನಿ ಡೇಕ್ಷಾ ತರ ಕಾಣ್ತದೆ. ಯಾವ ಗಾಡಿ, ಯಾವ ವರ್ಷದ್ದು, ಅದು ಹೇಳಿ."

ಮಾವನಿಗೆ ವರ್ಷ ಗೊತ್ತಿರಲಿಲ್ಲ. ನನ್ನ ಪರ್ಸಿನಲ್ಲಿ ಆರ್‌ಸಿ ಪುಸ್ತಕದ ಜೆರಾಕ್ಸ್ ಇತ್ತು, ಕೊಟ್ಟೆ. ಯಜಮಾನರು ಕೂತಲ್ಲಿಂದ ಏಳದೆ ಕೈ ಹಿಂದಕ್ಕೆ ಚಾಚಿ, ಒಂದು ಡಬ್ಬ ತೆಗೆದು ಕೌಂಟರಿನ ಮೇಲಿಟ್ಟರು. ಎರಡು ಕ್ಷಣವೂ ಹಿಡಿಯಲಿಲ್ಲ. ಮಾವ ಡಬ್ಬ ಬಿಚ್ಚಿ, ರಬ್ಬರ್ ರಿಂಗನ್ನು ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ಪರೀಕ್ಷಿಸಲು ರಸ್ತೆಗೆ ಹೋದರು. ಆ ಹೊತ್ತಿಗೆ ಅಂಗಡಿಯವರು ನನ್ನ ಕಡೆ ಬಾಗಿ ಹೇಳಿದರು: "ಅಮ್ಮಾ, ಹೊಸದು ಹಾಕಿದ್ಮೇಲೆ ಗಾಳಿ ತೆಗೀಬೇಕು. ಗಾಳಿ ನಿಂತ್ರೆ ಗಾಡಿ ಜಪ್ಪಯ್ಯ ಅಂದ್ರೂ ಸ್ಟಾರ್ಟ್ ಆಗಲ್ಲ. ಸಾಬ್‌ಗೆ ಹೇಳಿ."

ಬಸ್ಸಿನಲ್ಲಿ ನಾನು ಸಾಬ್‌ಗೆ ಹೇಳಿದೆ. "ಮಾವಾ, ಗಾಳಿ ತೆಗೀಬೇಕಂತ್ರಿ."

"ಟಯರ್‌ಗೂ ಇದಕ್ಕೂ ಏನಮ್ಮಾ ಸಂಬಂಧ?" ಎಂದರು. ಅವರ ಕಣ್ಣು ಇನ್ನೂ ರಬ್ಬರ್ ರಿಂಗಿನ ಮೇಲೇ ಇತ್ತು.

ಭಾನುವಾರ ಸಂಜೆ ಕುಕ್ ಟೌನಿನ ಒಂದು ಹಳೆಯ ಬಂಗಲೆಯಲ್ಲಿ ನಿಶ್ಚಿತಾರ್ಥ. ನಾಲ್ಕು ಗಂಟೆಯೊಳಗೆ ನಲವತ್ತು ಕುಂಡ ತಲುಪಿಸಬೇಕಿತ್ತು. ನನ್ನ ಯಜಮಾನರು ಆಫೀಸಿನ ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗಿದ್ದರು. ಮುಂದೆ ಅವರು ಈ ಕಥೆಯನ್ನು ಯಾರು ಹೇಳಿದರೂ ಮುಗುಳ್ನಗುತ್ತ ಕೇಳುತ್ತಿದ್ದ ರೀತಿ ನೋಡಿದರೆ, ಆ ಕೆಲಸಕ್ಕೆ ಭಾನುವಾರವೇ ಹೋಗಬೇಕಾಗಿತ್ತೇ ಎಂಬ ಅನುಮಾನ ನನಗೆ ಈಗಲೂ ಇದೆ.

ಬೆಳಿಗ್ಗೆ ಎಂಟಕ್ಕೆ ಮಾವ ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ ತೊಟ್ಟು, ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು ಹೊರಗೆ ಬಂದರು. ಟ್ರಕ್ಕಿನ ಸುತ್ತ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು. ಕೆಲಸಕ್ಕೆ ಸಂಬಂಧಪಡದವರು ಗೆರೆಯ ಒಳಗೆ ಬರುವಂತಿಲ್ಲ. ಸಂಬಂಧಪಡದವರ ಪಟ್ಟಿಯಲ್ಲಿ ಮೊದಲಿದ್ದವರು ಡ್ರೈವರ್. ಅವರು ಗೆರೆಯ ಆಚೆ, ಸಂಪಿಗೆ ಮರದ ನೆರಳಿನಲ್ಲಿ ಕುಕ್ಕರುಗಾಲಿನಲ್ಲಿ ಕೂತರು. ಎದುರು ಮನೆಯ ನಿವೃತ್ತ ಬಿಮಾ ಅಧಿಕಾರಿಗಳು ಕಾಫಿ ಲೋಟದ ಸಮೇತ ಬಂದು ಇನ್ನೊಂದು ಬದಿಯಲ್ಲಿ ನಿಂತರು.

ಮಾವ ಹಲಗೆಗೆ ಕ್ಲಿಪ್ ಹಾಕಿದ ಒಂದು ಹಾಳೆ ತೆಗೆದರು. ಹದಿನೇಳು ಹಂತಗಳು, ಇಂಗ್ಲಿಷಿನಲ್ಲಿ, ಕೆಂಪು ಶಾಯಿಯಲ್ಲಿ ಅಡಿಗೆರೆ. ಆಮೇಲೆ ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟರು.

"ನನಗ್ಯಾಕ್ರಿ ಮಾವಾ?"

"ಮಾಡೋರು ಒಬ್ರು, ಪರೀಕ್ಷೆ ಮಾಡೋರು ಒಬ್ರು. ಎರಡೂ ಒಬ್ರೇ ಮಾಡೋ ಹಾಗಿಲ್ಲ. ಅದು ರೂಲು."

ಹೀಗೆ ಆ ಕೆಲಸ ನನ್ನ ಕೊರಳಿಗೆ ಬಿತ್ತು. ಎರಡನೇ ಹಂತವೇ, ಕೈಯಲ್ಲಿರುವ ಉಂಗುರ, ಬಳೆ, ಗಡಿಯಾರ ತೆಗೆಯುವುದು. ಮೆಟ್ಟಿಲ ಮೇಲೆ ನಿಂತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು: "ಬೆಳಿಗ್ಗೆ ಬೆಳಿಗ್ಗೆ ಮುತ್ತೈದೆ ಕೈಯಿಂದ ಬಳೆ ತೆಗೆಸ್ತೀರೇನ್ರೀ?" ಹತ್ತು ನಿಮಿಷ ಚರ್ಚೆಯಾಯಿತು. ಬಳೆಗಳನ್ನು ಮೊಣಕೈವರೆಗೆ ಏರಿಸಿ ರಬ್ಬರ್ ಬ್ಯಾಂಡ್ ಹಾಕುವುದೆಂದು ತೀರ್ಮಾನವಾಯಿತು. ಮಾವ ಎರಡನೇ ಹಂತದ ಮುಂದೆ "ಷರತ್ತಿನ ಮೇಲೆ ಪಾಸ್" ಎಂದು ಬರೆದುಕೊಂಡರು.

ಫಿಲ್ಟರು ಕ್ಯಾಬಿನ್ನಿನ ಹಿಂದೆ, ಅಡಿಯ ಕಬ್ಬಿಣದ ಚೌಕಟ್ಟಾದ ಚಾಸಿಯ ಪಕ್ಕಕ್ಕೆ, ದೊಡ್ಡ ಹಾಲಿನಪುಡಿ ಡಬ್ಬದ ಹಾಗೆ ತಲೆಕೆಳಗಾಗಿ ಕೂತಿತ್ತು. ಅದನ್ನು ತಿರುಗಿಸಿ ಬಿಚ್ಚಬೇಕು. ನಾನು ಎರಡೂ ಕೈಯಲ್ಲಿ ತಬ್ಬಿ ಹಿಡಿದು ತಿರುಗಿಸಿದೆ. ಜಗ್ಗಲಿಲ್ಲ. ಕಾಲು ಚಕ್ರಕ್ಕೆ ಒತ್ತಿ ಹಿಡಿದು ಇನ್ನೊಮ್ಮೆ ತಿರುಗಿಸಿದೆ. ಕಷ್ಟ ಬಂದಾಗ ನನ್ನ ಬೆಂಗಳೂರು ಕನ್ನಡವೆಲ್ಲ ಉದುರಿಹೋಗುತ್ತದೆ.

"ಬರವಲ್ದ್ರೀ ಮಾವಾ! ಯಪ್ಪಾ, ಕಲ್ಲು ಕುಂತಂಗ ಕುಂತೈತಿ!"

"ಎಡಕ್ಕೆ ತಿರುಗಿಸ್ತಿದ್ದೀಯೋ ಬಲಕ್ಕೋ?" ಎಂದರು ಎದುರು ಮನೆಯವರು.

"ಕೆಳಗಿನಿಂದ ನೋಡಿದ್ರೆ ಎಡ ಬಲ ಬದಲಾಗತ್ತೆ," ಎಂದರು ಮಾವ. ಇಬ್ಬರೂ ಗಾಳಿಯಲ್ಲಿ ಕೈ ತಿರುಗಿಸುತ್ತ ವಾದಕ್ಕೆ ನಿಂತರು. ಡ್ರೈವರ್ ಬಳಿ ಇದನ್ನು ಬಿಚ್ಚುವುದಕ್ಕೆಂದೇ ಇರುವ ಒಂದು ಬೆಲ್ಟಿನ ಸಾಧನ ಇತ್ತು. ಅದನ್ನು ಅವರು ಕೈಯಲ್ಲಿ ಹಿಡಿದು, ಗೆರೆಯ ಆಚೆಯಿಂದ ಸುಮ್ಮನೆ ಆಡಿಸುತ್ತಿದ್ದರು. ಯಾರೂ ಆ ಕಡೆ ನೋಡಲಿಲ್ಲ. ಕಡೆಗೆ ಅತ್ತೆ ಅಡುಗೆಮನೆಯಿಂದ ಸೈಕಲ್ ಟ್ಯೂಬಿನ ಒಂದು ತುಂಡು ತಂದರು. ಉಪ್ಪಿನಕಾಯಿ ಜಾಡಿಯ ಮುಚ್ಚಳ ಬಿಗಿಯಾದಾಗ ಅವರು ಬಳಸುತ್ತಿದ್ದದ್ದು ಅದು. ಫಿಲ್ಟರಿಗೆ ಎರಡು ಸುತ್ತು ಸುತ್ತಿ ನಾನು ಎಳೆದೆ. ಕಿರ್ರೆಂದು ತಿರುಗಿತು. ತಿರುಗಿದ ಮರುಕ್ಷಣವೇ ತಣ್ಣನೆಯ ಡೀಸೆಲ್ ನನ್ನ ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಬಳೆಗೆ, ಬಳೆಯಿಂದ ರವಿಕೆಯ ತೋಳಿಗೆ ಇಳಿಯಿತು.

"ಪಾತ್ರೆ! ಪಾತ್ರೆ!" ಎಂದು ಮಾವ ಕೂಗಿದರು. ಹದಿನೇಳು ಹಂತಗಳಲ್ಲಿ ಪಾತ್ರೆ ಇರಲಿಲ್ಲ. ಎದುರು ಮನೆಯವರು ಗಾಬರಿಯಲ್ಲಿ ನಮ್ಮ ಜಗಲಿಯ ಮೇಲೆ ಒಣಗಲು ಬೋರಲು ಹಾಕಿದ್ದ ಒಂದು ಡಬರಿಯನ್ನು ತಂದು ನನ್ನ ಕೈಕೆಳಗೆ ಹಿಡಿದರು. ಅದು ಅತ್ತೆಯವರು ಹಬ್ಬದ ದಿನ ಹುಳಿ ಮಾಡುವ ಡಬರಿ. ಅತ್ತೆ ಬಾಯಿ ಮೇಲೆ ಕೈಯಿಟ್ಟುಕೊಂಡು ನಿಂತರು. ಆ ಡಬರಿಯನ್ನು ಆಮೇಲೆ ಗಿಡಗಳ ಕಡೆಗೆ ವರ್ಗ ಮಾಡಿದೆವು. ಹೊಸದು ತಂದುಕೊಡುವವರೆಗೆ ಎದುರು ಮನೆಯವರು ನಮ್ಮ ಮನೆಯಲ್ಲಿ ಕಾಫಿ ಕೇಳಲಿಲ್ಲ.

ಡಬರಿಗೆ ಬಿದ್ದದ್ದು ಬರೀ ಡೀಸೆಲ್ ಆಗಿರಲಿಲ್ಲ. ಹಳೆಯ ಫಿಲ್ಟರನ್ನು ಬೋರಲು ಹಾಕಿ ತಟ್ಟಿದಾಗ ಕಂದು ಬಣ್ಣದ ಕೆಸರು ಉದುರಿತು. ಅತ್ತೆ ಬಗ್ಗಿ ಮೂಸಿ ನೋಡಿದರು. ಅವರ ಹುಬ್ಬು ಗಂಟಾಯಿತು.

"ಬೇವಿನ ಹಿಂಡಿ ವಾಸ್ನೆ ಅಲ್ವೇನ್ರೀ ಇದು?"

ಅತ್ತೆ ಇನ್ನೊಮ್ಮೆ ಮೂಸಿದರು.

"ನಾನು ಗಿಡಕ್ಕೆ ಹಿಂಡಿ ನೆನೆ ಹಾಕ್ತಿದ್ದ ಹಸಿರು ಕ್ಯಾನು ಎರಡು ತಿಂಗಳಿಂದ ಕಾಣ್ತಿಲ್ಲ. ಲಾರಿ ಮುಷ್ಕರ ಆಗತ್ತೆ, ಬಂಕಲ್ಲಿ ಡೀಸೆಲ್ ಸಿಗಲ್ಲ ಅಂತ ಒಂದಿನ ನೀವು ಕ್ಯಾನಲ್ಲಿ ತಂದಿಟ್ರಲ್ಲ..."

ನಾವೆಲ್ಲ ಮಾವನ ಮುಖ ನೋಡಿದೆವು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, ಹಾಳೆಯ ಕಡೆ ತಿರುಗಿದರು. "ಕಾರಣ ತನಿಖೆಯಲ್ಲಿದೆ," ಎಂದು ಜೋರಾಗಿ ಹೇಳುತ್ತ ಬರೆದುಕೊಂಡರು. ಸಂಪಿಗೆ ಮರದ ಕೆಳಗೆ ಡ್ರೈವರ್ ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಒರೆಸಿಕೊಳ್ಳುತ್ತಿರಲಿಲ್ಲ, ಭುಜ ಕುಣಿಯುತ್ತಿದ್ದವು.

ಹೊಸ ಫಿಲ್ಟರ್ ಹಾಕುವುದು ಸುಲಭವಾಯಿತು. ರಿಂಗಿಗೆ ಡೀಸೆಲ್ ಸವರಿ, ತಿರುಗಿಸಿ, ಕೈಯಲ್ಲೇ ಬಿಗಿ ಮಾಡಿದೆ. ಮಾವ ಟಾರ್ಚ್ ಬಿಟ್ಟು ಸುತ್ತಲೂ ನೋಡಿ, ಬಿಳಿ ಬಟ್ಟೆಯಿಂದ ಒರೆಸಿ ನೋಡಿ, ಹದಿನೇಳನೇ ಹಂತಕ್ಕೂ ಗುರುತು ಹಾಕಿದರು. "ಪಾಸ್" ಎಂದರು. ಎದುರು ಮನೆಯವರು ಚಪ್ಪಾಳೆ ತಟ್ಟಿದರು. ಗಂಟೆ ಹನ್ನೊಂದೂವರೆ. ನಾನು ಕ್ಯಾಬಿನ್ ಹತ್ತಿ ಕೀಲಿ ತಿರುಗಿಸಿದೆ. ಗಿರಗಿರಗಿರ ಎಂದಿತು, ಎಂಜಿನ್ ಹತ್ತಲಿಲ್ಲ. ಇನ್ನೊಮ್ಮೆ. ಮತ್ತೊಮ್ಮೆ. ಏಳೆಂಟು ಸಲವಾದ ಮೇಲೆ ಆ ಗಿರಗಿರವೂ ಸೋತು, ನಿದ್ದೆ ಬಂದವರು ಗೊಣಗಿದ ಹಾಗೆ ಒಂದು ಸಲ "ಗ್ರ್" ಎಂದು ಸುಮ್ಮನಾಯಿತು. ಬ್ಯಾಟರಿ ಮುಗಿದಿತ್ತು.

ಮಾವ ಹಾಳೆಯನ್ನು ಮೊದಲಿನಿಂದ ಓದಿದರು. ತಿರುಗಿಸಿ ಹಿಂಬದಿಯನ್ನೂ ನೋಡಿದರು. ಆಮೇಲೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹತ್ತಿರ ಹೋದೆ. ಅವರು ನನ್ನನ್ನು ನೋಡದೆ, ಎದುರಿನ ಕಾಂಪೌಂಡ್ ಗೋಡೆಗೆ ಹೇಳುವವರ ಹಾಗೆ ಮೆಲ್ಲಗೆ ಹೇಳಿದರು.

"ಅಷ್ಟು ವರ್ಷದಲ್ಲಿ ನಾನು ಒಂದು ಬೋಲ್ಟೂ ಬಿಚ್ಚಿಲ್ಲಮ್ಮ. ಬಿಚ್ಚೋ ಹಾಗಿರ್ಲಿಲ್ಲ. ಬಿಚ್ಚೋರು ಬಿಚ್ಚೋರು, ಹಾಕೋರು ಹಾಕೋರು. ನಾನು ಕೈ ಹಿಂದೆ ಕಟ್ಕೊಂಡು ನಿಂತು ನೋಡೋದು, ಸಹಿ ಹಾಕೋದು. ಊಟದ ಹೊತ್ತಲ್ಲಿ ಅವ್ರೆಲ್ಲ ಸೋಪ್ ಹಾಕಿ ಕೈ ತೊಳ್ಕೊಳ್ಳೋಕೆ ಸಾಲಲ್ಲಿ ನಿಲ್ಲೋರು. ನನ್ನ ಕೈಲಿ ತೊಳ್ಕೊಳ್ಳೋಕೆ ಏನೂ ಇರ್ತಿರ್ಲಿಲ್ಲ."

ಅವರನ್ನು ನೋಡಿ ಬೆಳಗಿನಿಂದ ಒಳಗೊಳಗೇ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಆಗ ಸಂಪಿಗೆ ಮರದ ಕಡೆಯಿಂದ ಒಂದು ದನಿ ಬಂತು.

"ಸಾರ್, ಗೆರೆ ದಾಟ್ಲಾ?"

ಡ್ರೈವರ್ ಚಪ್ಪಲಿಯ ತುದಿಯನ್ನು ಸೀಮೆಸುಣ್ಣದ ಗೆರೆಗೆ ಸರಿಯಾಗಿ ತಾಗಿಸಿ ನಿಂತಿದ್ದರು. ಮೂರೂವರೆ ತಾಸಿನಿಂದ ಅಲ್ಲಿದ್ದವರು. ಮನಸ್ಸು ಮಾಡಿದ್ದರೆ ಎಂದೋ ದಾಟಬಹುದಿತ್ತು. ಮಾವ ತಲೆಯಾಡಿಸಿದರು.

ಅವರು ಬಂದು, ಫಿಲ್ಟರಿನ ನೆತ್ತಿಯ ಮೇಲಿದ್ದ ಒಂದು ಕಪ್ಪು ಗುಂಡಿಯನ್ನೂ ಪಕ್ಕದ ಒಂದು ಸಣ್ಣ ಸ್ಕ್ರೂವನ್ನೂ ನನಗೆ ತೋರಿಸಿದರು. "ಇದ್ರೊಳಗೆ ಈಗ ಗಾಳಿ ನಿಂತಿದೆ ಮೇಡಂ. ಗಾಳಿ ಇದ್ರೆ ಡೀಸೆಲ್ ಮುಂದೆ ಹೋಗಲ್ಲ. ಸ್ಕ್ರೂ ಸ್ವಲ್ಪ ಲೂಸ್ ಮಾಡಿ. ಗುಂಡಿ ಒತ್ತಿ. ಒತ್ತಾನೇ ಇರಿ. ಮೊದ್ಲು ನೊರೆ ಬರತ್ತೆ. ನೊರೆ ನಿಂತು ಬರೀ ಡೀಸೆಲ್ ಬಂದಾಗ ಸ್ಕ್ರೂ ಬಿಗಿ."

ನಾನು ಒತ್ತಿದೆ. ಸ್ಕ್ರೂವಿನ ಬುಡದಲ್ಲಿ ಬುಳುಬುಳು ಎಂದು ನೊರೆ ಎದ್ದಿತು. ಹೆಬ್ಬೆರಳು ಸೋತಿತು. ಆಮೇಲೆ ನೊರೆ ತೆಳುವಾಗಿ, ನಿಂತು, ಶುದ್ಧ ಡೀಸೆಲ್ ಸಣ್ಣಗೆ ಹರಿಯಿತು. ಗುಂಡಿ ಕಲ್ಲಿನಂತೆ ಗಟ್ಟಿಯಾಯಿತು. ಸ್ಕ್ರೂ ಬಿಗಿ ಮಾಡಿದೆ.

ಬ್ಯಾಟರಿ ಸತ್ತಿದ್ದರಿಂದ ಇನ್ನು ತಳ್ಳಿಯೇ ಸ್ಟಾರ್ಟ್ ಮಾಡಬೇಕಿತ್ತು. ಭಾನುವಾರ ನಮ್ಮ ಬೀದಿಯಲ್ಲಿ ಜನಕ್ಕೆ ಬರವಿರಲಿಲ್ಲ. ಎದುರು ಮನೆಯವರು ಲುಂಗಿ ಮೇಲೆ ಕಟ್ಟಿ, ಇನ್ನೂ ಐದಾರು ಜನ ಬಿಮಾ ನೌಕರರನ್ನು ಕರೆತಂದರು. ಡ್ರೈವರ್ ಕ್ಯಾಬಿನ್ ಹತ್ತಿದರು. ಬೀದಿ ಸ್ವಲ್ಪ ಇಳಿಜಾರು. ಎಲ್ಲರೂ ಸೇರಿ ನೂಕಿದೆವು, ಮಾವನೂ. ಕೆಳಗಿನ ತಿರುವಿನ ಹತ್ತಿರ ಟ್ರಕ್ಕು ಒಂದು ಸಲ ಜಗ್ಗಿ, ಕರಿ ಹೊಗೆ ಉಗುಳಿ, ಗುಡುಗುಡು ಎಂದು ಎದ್ದಿತು. ಹೊಗೆ ಕರಗಿದ ಮೇಲೆ ನೋಡಿದರೆ ಎದುರು ಮನೆಯವರ ಬಿಳಿ ಬನಿಯನ್ ಬೂದಿ ಬಣ್ಣಕ್ಕೆ ತಿರುಗಿತ್ತು. ಅವರಿಗೆ ಅದರ ಪರಿವೆಯೇ ಇರಲಿಲ್ಲ. ತಾವೇ ಅರ್ಧ ಟ್ರಕ್ ತಳ್ಳಿದ್ದೆಂದು ಎಲ್ಲರಿಗೂ ಹೇಳುತ್ತಿದ್ದರು.

ಎಂಜಿನ್ ಆರಿಸದೆಯೇ, ಸರದಿಯ ಮೇಲೆ ಊಟ ಮುಗಿಸಿ, ಕುಂಡಗಳನ್ನು ಹೇರಿದೆವು. ಮಾವ ತಾವೂ ಬರುವುದಾಗಿ ಹೇಳಿದರು. ಮೂವರೂ ಮುಂದಿನ ಸೀಟಿನಲ್ಲಿ ಒತ್ತಿ ಕೂತು, ಇಂದಿರಾನಗರ ದಾಟಿ, ಹಲಸೂರು ಕೆರೆಯ ಪಕ್ಕದಲ್ಲಿ ಹಾದು ಕುಕ್ ಟೌನ್ ತಲುಪಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ನಾನು ಸೀರೆ ಬದಲಿಸಿ, ಎರಡು ಸಲ ಸೋಪು ಹಾಕಿ ತೊಳೆದುಕೊಂಡಿದ್ದೆ. ಆದರೂ ಬಂಗಲೆಯ ವರಾಂಡದಲ್ಲಿ ಹುಡುಗಿಯ ಅಜ್ಜಿ ಮೂಗು ಅರಳಿಸಿ, "ಜನರೇಟರ್ ಲೀಕ್ ಆಗ್ತಿದೆ ನೋಡ್ರೋ," ಎಂದು ಒಳಗೆ ಹೇಳಿ ಕಳಿಸಿದರು. ಇಬ್ಬರು ಬಂದು ಜನರೇಟರನ್ನು ಸುತ್ತಿ ಸುತ್ತಿ ನೋಡಿದರು. ನಾನು ಕುಂಡಗಳನ್ನು ಎಣಿಸಿ, ಸಹಿ ತೆಗೆದುಕೊಂಡು, ಬೇಗನೆ ಹೊರಗೆ ಬಂದೆ.

ಬರುವಾಗ ಲಿಂಗರಾಜಪುರದಲ್ಲಿ ಗೊಬ್ಬರದ ನಾಲ್ಕು ಮೂಟೆ ಹೇರಿಕೊಂಡು ಬರಲು ಅತ್ತೆ ಹೇಳಿದ್ದರು. ಮೂಟೆ ಹಾಕಿಕೊಂಡು ಎರಡು ಬೀದಿ ದಾಟುವಷ್ಟರಲ್ಲಿ ಎಂಜಿನ್ ಕೊಂಯ್ ಎಂದು ನಿಂತಿತು. ಮಾವನ ಮುಖ ಬಿಳುಚಿಕೊಂಡಿತು. ಡ್ರೈವರ್ ಇಳಿದು, ಟ್ಯಾಂಕಿನ ಮುಚ್ಚಳ ತೆಗೆದು, ಒಂದು ಕಡ್ಡಿ ಇಳಿಬಿಟ್ಟು ನೋಡಿ, ಕಡ್ಡಿಯನ್ನು ಮಾವನಿಗೆ ತೋರಿಸಿದರು. ಒಣ ಕಡ್ಡಿ.

"ಫಿಲ್ಟರ್ ಸೂಪರ್ ಸಾರ್. ಡೀಸೆಲ್ ಇಲ್ಲ."

ಬೆಳಗಿನಿಂದ ಗಾಡಿಯ ಎಲ್ಲವನ್ನೂ ಪರೀಕ್ಷಿಸಿದ್ದೆವು, ಟ್ಯಾಂಕನ್ನು ಬಿಟ್ಟು. ಡ್ರೈವರ್ ಹತ್ತಿರದ ಅಂಗಡಿಯಲ್ಲಿ ಒಂದು ಖಾಲಿ ಕ್ಯಾನ್ ಕೇಳಿ ತಂದರು. ಮಾವ ಅದನ್ನು ಇಸಿದುಕೊಂಡು ಮೂಸಿ ನೋಡಿ ವಾಪಸು ಕೊಟ್ಟರು. ಇಪ್ಪತ್ತು ನಿಮಿಷಕ್ಕೆ ಡೀಸೆಲ್ ಬಂತು. ಟ್ಯಾಂಕಿಗೆ ಸುರಿದ ಮೇಲೆ ಡ್ರೈವರ್ ನನ್ನ ಕಡೆ ನೋಡಿದರು. "ಟ್ಯಾಂಕ್ ಖಾಲಿ ಆಯ್ತಲ್ಲ ಮೇಡಂ, ಮತ್ತೆ ಗಾಳಿ ಹೊಕ್ಕಿರತ್ತೆ. ನೀವು ತೆಗೀರಿ, ನಾನು ಕೀ ಹತ್ರ ಇರ್ತೀನಿ."

ಲಿಂಗರಾಜಪುರದ ಆ ರಸ್ತೆಯ ಅಂಚಿನಲ್ಲಿ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಚಾಸಿಯ ಪಕ್ಕಕ್ಕೆ ಕೂತೆ. ಹೋಗುವವರು ನಿಂತು ನೋಡುತ್ತಿದ್ದರು. ಒಬ್ಬ ಹೆಂಗಸು ಸೊಪ್ಪಿನ ಬುಟ್ಟಿ ಇಳಿಸಿಕೊಂಡೇ ನಿಂತುಬಿಟ್ಟಳು. ಸ್ಕ್ರೂ ಸಡಿಲಿಸಿದೆ. ಗುಂಡಿ ಒತ್ತಲು ಕೈ ಚಾಚಿದರೆ ಬೆಳಗಿನ ಹೆಬ್ಬೆರಳು ಊದಿಕೊಂಡಿತ್ತು, ಒತ್ತಲಾಗಲಿಲ್ಲ.

"ಸ್ವಲ್ಪ ಆ ಕಡೆ ಸರಿ," ಎಂದರು ಮಾವ.

"ಮಾವಾ, ಅಂಗಿ ಹೊಲಸಾಗ್ತದ್ರಿ."

"ಆಗ್ಲಿ ಬಿಡು."

ಅವರು ಮೊಣಕಾಲೂರಿ ಕೂತು ಗುಂಡಿ ಒತ್ತತೊಡಗಿದರು. ಡೀಸೆಲ್ ನೊರೆ ಅವರ ಬೆರಳುಗಳ ಮೇಲೆ, ಗಡಿಯಾರದ ಮೇಲೆ, ಇಸ್ತ್ರಿಯ ತೋಳಿನ ಮೇಲೆ ಹರಿಯಿತು. "ನೊರೆ... ನೊರೆ... ಇನ್ನೂ ನೊರೆ," ಎನ್ನುತ್ತಿದ್ದರು. ನಾನು ಸ್ಕ್ರೂ ಹಿಡಿದು ಕಾಯುತ್ತಿದ್ದೆ. "ಡೀಸೆಲ್! ಬಿಗಿ ಮಾಡು!" ಎಂದು ಅವರು ಕೂಗಿದ ರಭಸಕ್ಕೆ ಸೊಪ್ಪಿನ ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದಳು. ಬಿಗಿ ಮಾಡಿದೆ. ಡ್ರೈವರ್ ಕೀಲಿ ತಿರುಗಿಸಿದರು. ಅಲ್ಲಿವರೆಗಿನ ಓಟದಲ್ಲಿ ಬ್ಯಾಟರಿ ಚೇತರಿಸಿಕೊಂಡಿತ್ತು. ಎಂಜಿನ್ ಎರಡನೇ ಸಲಕ್ಕೆ ಹತ್ತಿತು.

ಮಾವ ಎದ್ದು ನಿಂತು ತಮ್ಮ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡರು. ಡ್ರೈವರ್ ಟವೆಲ್ ಚಾಚಿದರು. "ಬೇಡ," ಎಂದರು. ಮನೆಯವರೆಗೂ ಕೈಗಳನ್ನು ಎಲ್ಲಿಗೂ ತಾಗಿಸದೆ, ಮದರಂಗಿ ಹಚ್ಚಿಕೊಂಡವರ ಹಾಗೆ ಎತ್ತಿಕೊಂಡೇ ಕೂತಿದ್ದರು. ತಿರುವು ಬಂದಾಗಲೆಲ್ಲ ನಾನು ಅವರ ತೋಳು ಹಿಡಿದುಕೊಳ್ಳಬೇಕಾಯಿತು.

ಗೇಟಿನಲ್ಲಿ ಅತ್ತೆ ಕಾಯುತ್ತಿದ್ದರು. ಮಾವ ಇಳಿದು ಅವರ ಮುಂದೆ ಹೋಗಿ ಅಂಗೈಗಳನ್ನು ಅರಳಿಸಿ ತೋರಿಸಿದರು. ಅತ್ತೆ ಕೈ ನೋಡಿದರು, ಅಂಗಿ ನೋಡಿದರು, ಮುಖ ನೋಡಿದರು.

"ಬಾಗ್ಲು ಮುಟ್ಬೇಡಿ, ಹೋದ ವಾರ ಪೇಂಟ್ ಮಾಡ್ಸಿದ್ದು," ಎಂದು ತಾವೇ ಬಾಗಿಲು ತೆರೆದು ಹಿಡಿದರು.

ಆದರೆ ಮಾವ ಒಳಗೆ ಹೋಗಲಿಲ್ಲ. ಎದುರು ಮನೆಯವರು ಬೇರೆ ಬನಿಯನ್ ತೊಟ್ಟು ಸಂಜೆಯ ವಾಕಿಂಗಿಗೆ ಹೊರಡುತ್ತಿದ್ದರು. ಮಾವ ಅವರನ್ನು ಕರೆದು ಗೇಟಿನ ಹತ್ತಿರ ನಿಲ್ಲಿಸಿಕೊಂಡರು. ನಾನು ಗೊಬ್ಬರದ ಮೂಟೆ ಇಳಿಸುವುದನ್ನು ನೋಡಿಕೊಂಡು, ಮುಖ ತೊಳೆದು, ಕಾಫಿ ಕುಡಿದು ಹೊರಗೆ ಬಂದಾಗಲೂ ಇಬ್ಬರೂ ಅಲ್ಲೇ ಇದ್ದರು. ಮಾವ ಕೈ ಆಡಿಸಿ ಆಡಿಸಿ, ನೊರೆ ಎಂದರೇನು, ಅದು ನಿಲ್ಲುವುದನ್ನು ಗುರುತಿಸುವುದು ಹೇಗೆ ಎಂದು ವಿವರಿಸುತ್ತಿದ್ದರು.